ಹಂಸಗೀತೆ (ಚಲನಚಿತ್ರ)

'ಹಂಸಗೀತೆ' 1975ರಲ್ಲಿ ತೆರೆಕಂಡ, ಐತಿಹಾಸಿಕ ಹಿನ್ನೆಲೆಯುಳ್ಳ ಸಂಗೀತಪ್ರಧಾನ ಕನ್ನಡ ಚಲನಚಿತ್ರ. ತ.ರಾ. ಸುಬ್ಬರಾಯರ (ತ.ರಾ.ಸು.) ಇದೇ ಹೆಸರಿನ ಕಾದಂಬರಿಯನ್ನು ಆಧರಿಸಿದ ಈ ಚಿತ್ರದ ನಿರ್ದೇಶಕರು ಜಿ.ವಿ. ಅಯ್ಯರ್. ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಪಾತ್ರವನ್ನು ಅನಂತನಾಗ್, ನರ್ತಕಿ ಚಂದ್ರಸಾನಿಯ ಪಾತ್ರವನ್ನು ರೇಖಾ ರಾವ್ ನಿರ್ವಹಿಸಿದ್ದಾರೆ.

ಹಿನ್ನೆಲೆ

1970ರ ದಶಕದಲ್ಲಿ ಕನ್ನಡ ಚಿತ್ರರಂಗವು ಸಾಹಿತ್ಯಕೃತಿಗಳತ್ತ ವಿಶೇಷವಾಗಿ ಒಲಿಯಿತು. 'ಸಂಸ್ಕಾರ' (1970), 'ವಂಶವೃಕ್ಷ' (1971) ಮತ್ತು 'ಕಾಡು' (1973) ಕಾದಂಬರಿಗಳಿಂದ ರೂಪುಗೊಂಡವು. ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನವರಾದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ 'ಕಾಕನಕೋಟೆ' ನಾಟಕವೂ 1977ರಲ್ಲಿ ಚಲನಚಿತ್ರವಾಯಿತು. 'ಹಂಸಗೀತೆ' ಇದೇ ಸಾಲಿಗೆ ಸೇರುತ್ತದೆ.

ಕಥಾವಸ್ತು

ಚಿತ್ರದುರ್ಗವು ಪಾಳೆಯಗಾರ ಮದಕರಿನಾಯಕನ ಕೈತಪ್ಪಿ ಮೈಸೂರಿನ ವಶವಾದ ಹದಿನೆಂಟನೆಯ ಶತಮಾನದ ಉತ್ತರಾರ್ಧವೇ ಕಥೆಯ ಕಾಲ. ವೆಂಕಟಸುಬ್ಬಯ್ಯನ ಸಂಗೀತಸಾಧನೆ, ವಿದ್ಯೆಯೊಡನೆ ಬೆಳೆದ ಅಹಂಕಾರ, ಚಂದ್ರಸಾನಿಯೊಡನೆ ಮೂಡುವ ಅನುರಾಗ, ಕೊನೆಗೆ ಸಂಗೀತವನ್ನು ದೈವಾರ್ಪಣೆಯೆಂದು ಕಾಣುವ ಮನಃಸ್ಥಿತಿ ಇವು ಕಥೆಯ ಹಂತಗಳು. ಆಳುವವನ ಆಜ್ಞೆಗೆ ಮಣಿದು ಹಾಡಲು ಒಪ್ಪದ ಆತ ತನ್ನ ನಾಲಗೆಯನ್ನೇ ಕತ್ತರಿಸಿಕೊಳ್ಳುತ್ತಾನೆ. ಕಲಾವಿದನ ಕೊರಳು ಯಾರ ಸೊತ್ತು ಎಂಬುದೇ ಕಥೆಯು ಎತ್ತುವ ಮುಖ್ಯ ಪ್ರಶ್ನೆ. ಸಾವಿಗೆ ಮುನ್ನ ಹಂಸವು ಹಾಡುತ್ತದೆಂಬ ನಂಬಿಕೆಯನ್ನು ಶೀರ್ಷಿಕೆಯು ನೆನಪಿಸುತ್ತದೆ.

ಸಂಗೀತ ಮತ್ತು ತಾಂತ್ರಿಕ ವರ್ಗ

ಎಂ. ಬಾಲಮುರಳಿಕೃಷ್ಣ ಮತ್ತು ಬಿ.ವಿ. ಕಾರಂತರು ಸಂಗೀತವನ್ನು ಒದಗಿಸಿದರು. ಕರ್ನಾಟಕ ಶಾಸ್ತ್ರೀಯ ಸಂಗೀತವು ಇಲ್ಲಿ ಕೇವಲ ಅಲಂಕಾರವಲ್ಲ. ನಾಯಕನ ಅಂತರಂಗದ ಬೆಳವಣಿಗೆಯನ್ನು ಅದರ ಮೂಲಕವೇ ತೋರಿಸಲಾಗಿದೆ. ಕಲ್ಯಾಣಿ ರಾಗದಲ್ಲಿರುವ ಶ್ಯಾಮಾಶಾಸ್ತ್ರಿಗಳ 'ಹಿಮಾದ್ರಿಸುತೇ' ಕೃತಿಯನ್ನು ಬಾಲಮುರಳಿಕೃಷ್ಣ ಹಾಡಿದ್ದಾರೆ. ಛಾಯಾಗ್ರಹಣ ನಿಮಾಯ್ ಘೋಷ್ ಅವರದು, ಕಲಾನಿರ್ದೇಶನ ಪಿ. ಕೃಷ್ಣಮೂರ್ತಿಯವರದು.

ಪ್ರಶಸ್ತಿಗಳು

1975ನೆಯ ಸಾಲಿನ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರ ಪ್ರಶಸ್ತಿಯು ಈ ಚಿತ್ರಕ್ಕೆ ದೊರೆಯಿತು. ಇದರಲ್ಲಿನ ಗಾಯನಕ್ಕಾಗಿ ಬಾಲಮುರಳಿಕೃಷ್ಣ ಅವರು ಅತ್ಯುತ್ತಮ ಹಿನ್ನೆಲೆ ಗಾಯಕ ಪ್ರಶಸ್ತಿಯನ್ನು ಪಡೆದರು.

ಹಿಂದಿ ರೂಪಾಂತರ

ಕನ್ನಡದಲ್ಲಿ ಚಿತ್ರವಾಗುವ ಮೊದಲೇ, 1956ರಲ್ಲಿ, ಈ ಕಾದಂಬರಿಯು 'ಬಸಂತ್ ಬಹಾರ್' ಎಂಬ ಹಿಂದಿ ಚಿತ್ರಕ್ಕೆ ಆಧಾರವಾಗಿತ್ತು. ರಾಜಾ ನವಾಥೆ ನಿರ್ದೇಶನದ ಆ ಚಿತ್ರದಲ್ಲಿ ಭರತ್ ಭೂಷಣ್ ಮತ್ತು ನಿಮ್ಮಿ ನಟಿಸಿದ್ದರು. ಸಂಗೀತ ಶಂಕರ್–ಜೈಕಿಶನ್ ಅವರದು. ಕನ್ನಡಿಗರಾದ ಭೀಮಸೇನ ಜೋಶಿಯವರು ಅದರಲ್ಲಿ ಮನ್ನಾ ಡೇ ಅವರೊಡನೆ ಹಾಡಿದ್ದಾರೆ. ಹಿಂದಿ ಚಿತ್ರವು ಹಿಂದೂಸ್ತಾನಿ ಸಂಗೀತವನ್ನು ಅವಲಂಬಿಸಿದರೆ, ಅಯ್ಯರ್ ಅವರ ಚಿತ್ರವು ಕಥೆಯನ್ನು ಅದರ ನೆಲವಾದ ಚಿತ್ರದುರ್ಗದಲ್ಲಿಯೇ ನಿಲ್ಲಿಸಿತು.