ಇಯಾಗೊನ ಉದ್ದೇಶ: ಎಮಿಲಿಯಾಳ ಸಾಕ್ಷ್ಯದ ಬಗ್ಗೆ ಒಂದು ಟಿಪ್ಪಣಿ

ಷೇಕ್ಸ್‌ಪಿಯರನ ‘ಒಥೆಲೊ’ ನಾಟಕದಲ್ಲಿ ಇಯಾಗೊ ಒಥೆಲೊನ ತಲೆಯಲ್ಲಿ ಹೆಂಡತಿ ಡೆಸ್ಡಿಮೋನಳ ಮೇಲೆ ಶಂಕೆ ಬಿತ್ತಿ ಇಬ್ಬರನ್ನೂ ಏಕೆ ಹಾಳುಮಾಡಿದ ಎಂದು ಕೇಳುವವರು ಮೊದಲು ತಡಕುವುದು ಅವನ ಸ್ವಗತಗಳನ್ನು. ಅಲ್ಲಿ ಕಾರಣಗಳಿಗೇನೂ ಬರವಿಲ್ಲ. ನಾಟಕ ಶುರುವಾಗುವಾಗ ರೊಡರಿಗೊನ ಮುಂದೆ ತೋಡಿಕೊಳ್ಳುವುದು ಬಡ್ತಿಯ ಅಳಲು: ಲೆಫ್ಟಿನೆಂಟ್ ಹುದ್ದೆ ಕ್ಯಾಸಿಯೊನ ಪಾಲಾಯಿತು, ತಾನು ಧ್ವಜಧಾರಿಯಾಗಿಯೇ ಉಳಿದೆ. ಮೊದಲ ಅಂಕ ಮುಗಿಯುವಾಗ ಒಬ್ಬನೇ ನಿಂತು ಆಡುವ ಮಾತಿನಲ್ಲಿ ಇನ್ನೊಂದು ಸಂಗತಿ ಸೇರುತ್ತದೆ. ಒಥೆಲೊ ಇಯಾಗೊನ ಹೆಂಡತಿ ಎಮಿಲಿಯಾಳನ್ನು ಕೂಡಿದ್ದಾನೆಂಬ ಊರಮಾತು. ಎರಡನೆಯ ಅಂಕದಲ್ಲಿ ತಾನೂ ಡೆಸ್ಡಿಮೋನಳನ್ನು ಬಯಸುತ್ತೇನೆ ಎನ್ನುತ್ತಾನೆ, ಅದರ ಬೆನ್ನಿಗೇ ಕ್ಯಾಸಿಯೊನ ಮೇಲೂ ಹೆಂಡತಿಯ ವಿಷಯದಲ್ಲಿ ಅನುಮಾನ ಪಡುತ್ತಾನೆ. ಇಷ್ಟೊಂದು ಕಾರಣ ಕೊಡುವವನನ್ನು ನಂಬುವುದು ಕಷ್ಟ.

ಕೋಲ್‌ರಿಜ್ ನಂಬಲಿಲ್ಲ. ಅವನ ಕಾಲಾನಂತರ 1836ರಲ್ಲಿ ಅಚ್ಚಾದ ಟಿಪ್ಪಣಿಯ ತಾತ್ಪರ್ಯ, ಇಯಾಗೊನ ಕೇಡಿಗೆ ಮೂಲದಲ್ಲಿ ಕಾರಣವೇ ಇಲ್ಲ, ಸ್ವಗತಗಳಲ್ಲಿ ಅವನು ಅದನ್ನು ಅರಸುತ್ತಿದ್ದಾನೆ ಅಷ್ಟೆ ಎಂಬುದು. ಅದಕ್ಕೂ ಮೊದಲೇ, 1817ರಲ್ಲಿ, ಹ್ಯಾಜ್ಲಿಟ್ ಅಧಿಕಾರದ ಚಪಲವನ್ನು ಮುಂದಿಟ್ಟಿದ್ದ. 1904ರಲ್ಲಿ ಬ್ರ್ಯಾಡ್ಲಿ ಅದನ್ನೇ ಬೆಳೆಸಿ, ತಾನು ಎಲ್ಲರಿಗಿಂತ ಮೇಲೆಂಬ ಪೆಟ್ಟು ತಿಂದ ಭಾವವನ್ನು ಸೇರಿಸಿದ. ಸ್ಪಿವಾಕ್ 1958ರಲ್ಲಿ ಇಯಾಗೊನನ್ನು ಮಧ್ಯಯುಗದ ನೀತಿನಾಟಕಗಳ ‘ವೈಸ್’ ಎಂಬ ಪಾತ್ರದ ವಾರಸುದಾರನೆಂದು ನೋಡಿದ. ಹಾಗೆ ನೋಡಿದರೆ ಉದ್ದೇಶದ ಪ್ರಶ್ನೆಯೇ ಅರ್ಧ ಕರಗಿಹೋಗುತ್ತದೆ. ಇವೆಲ್ಲ ಬೆಲೆಯುಳ್ಳ ಓದುಗಳೇ. ಆದರೆ ಇವು ಬಹುಮಟ್ಟಿಗೆ ಆರೋಪಿಯ ಹೇಳಿಕೆಯ ಸುತ್ತಲೇ ಸುತ್ತುತ್ತವೆ. ಅವನೊಂದಿಗೆ ಸಂಸಾರ ಮಾಡಿದವಳೊಬ್ಬಳು ರಂಗದ ಮೇಲೆಯೇ ಇದ್ದಾಳೆ.

ನಾಲ್ಕನೆಯ ಅಂಕದ ಎರಡನೆಯ ದೃಶ್ಯವನ್ನು ನೋಡಬೇಕು. ಒಥೆಲೊ ಡೆಸ್ಡಿಮೋನಳನ್ನು ಸೂಳೆಯೆಂದು ಜರೆದು ಹೋಗಿದ್ದಾನೆ. ಎಮಿಲಿಯಾ ಸಿಟ್ಟಿನಿಂದ ಕುದಿಯುತ್ತ, ಯಾವನೋ ನೀಚ ಹುದ್ದೆಯ ಆಸೆಗೆ ಈ ಅಪವಾದ ಕಟ್ಟಿದ್ದಾನೆ ಎನ್ನುತ್ತಾಳೆ. ಅಂಥವನು ಇರುವುದೇ ಸಾಧ್ಯವಿಲ್ಲ ಎಂದು ಇಯಾಗೊ ತಳ್ಳಿಹಾಕುತ್ತಾನೆ. ಆಗ ಅವಳು ಗಂಡನನ್ನೇ ನೋಡಿ, ಇಂಥವನೇ ಒಬ್ಬ ಹಿಂದೆ ನಿನ್ನ ತಲೆ ಕೆಡಿಸಿ, ನಾನು ಆ ಮೂರನ (ಒಥೆಲೊನ) ಜೊತೆಗಿದ್ದೇನೆಂದು ನೀನು ಶಂಕಿಸುವ ಹಾಗೆ ಮಾಡಿದ ಎಂಬರ್ಥದ ಮಾತಾಡುತ್ತಾಳೆ. ನೀನು ಪೆದ್ದಿ, ಸಾಕು ಹೋಗು ಎಂಬಷ್ಟರಲ್ಲಿ ಇಯಾಗೊ ಅದನ್ನು ಮುಗಿಸಿಬಿಡುತ್ತಾನೆ.

ವಿಮರ್ಶಕರು ಈ ಮಾತನ್ನು ಗಮನಿಸಿಲ್ಲವೆಂದಲ್ಲ. ಅದಕ್ಕೆ ಸಲ್ಲಬೇಕಾದ ತೂಕ ಸಂದಿಲ್ಲವೆಂಬುದು ನನ್ನ ತಕರಾರು. ಸ್ವಗತವನ್ನು ಎಮಿಲಿಯಾ ಕೇಳಿಸಿಕೊಂಡಿಲ್ಲ. ಆದರೂ ಅಲ್ಲಿ ಬಂದ ಶಂಕೆ ಅವಳಿಗೆ ಗೊತ್ತು, ಅದು ಹಳೆಯದೆಂದೂ ಗೊತ್ತು. ಎಂದರೆ ಅದನ್ನು ಇಯಾಗೊ ಪ್ರೇಕ್ಷಕರಿಗಾಗಿ ನಿಂತ ನಿಲುವಿನಲ್ಲಿ ಹೆಣೆದದ್ದಲ್ಲ. ಮನೆಯಲ್ಲಿ ಜಗಳವಾಗುವಷ್ಟು ಬೆಳೆದಿದ್ದ ಶಂಕೆ ಅದು. ಇಷ್ಟರಮಟ್ಟಿಗೆ ಕೋಲ್‌ರಿಜ್‌ನ ತೀರ್ಪನ್ನು ತಿದ್ದಬೇಕಾಗುತ್ತದೆ.

ಹಾಗೆಂದು ಶಂಕೆಯೇ ಕಾರಣವೆಂದು ಷರಾ ಬರೆದು ಕಡತ ಮುಚ್ಚುವ ಹಾಗಿಲ್ಲ. ಮೊದಲ ಸ್ವಗತದಲ್ಲಿ ದ್ವೇಷದ ಘೋಷಣೆ ಮುಂಚೆ ಬರುತ್ತದೆ, ಊರಮಾತು ಆಮೇಲೆ. ಅದು ನಿಜವೋ ಸುಳ್ಳೋ ತನಗೆ ತಿಳಿಯದೆಂದು ಅವನೇ ಒಪ್ಪುತ್ತಾನೆ. ಬರಿಯ ಅನುಮಾನವಾದರೂ ಖಚಿತವೆಂಬಂತೆ ನಡೆದುಕೊಳ್ಳುತ್ತೇನೆ ಎನ್ನುತ್ತಾನೆ. ನನಗೆ ಮುಖ್ಯವೆನಿಸುವುದು ಈ ನಿರ್ಧಾರ. ಇಯಾಗೊನಲ್ಲಿ ಹುಡುಕಬೇಕಾದದ್ದು ಒಂದು ಘಟನೆಯನ್ನಲ್ಲ, ಪುರಾವೆಯ ಹಂಗಿಲ್ಲದೆ ಬಾಳುವ ಒಂದು ಅಭ್ಯಾಸವನ್ನು. ಮೂರನೆಯ ಅಂಕದಲ್ಲಿ ಅವನು ಒಥೆಲೊನ ತಲೆಗೆ ದಾಟಿಸುವುದೂ ಇದನ್ನೇ. ನೋಡದೆ ಶಂಕಿಸುವುದಿಲ್ಲ, ಶಂಕಿಸಿದರೆ ಸಾಬೀತು ಬೇಕು ಎನ್ನುತ್ತಿದ್ದ ಒಥೆಲೊ, ಸ್ವಲ್ಪ ಹೊತ್ತಿಗೆಲ್ಲ ಕ್ಯಾಸಿಯೊ ಕಂಡನೆಂಬ ಕನಸಿನ ಕಟ್ಟುಕಥೆಗೇ ಕೆರಳಿ ನಿಲ್ಲುತ್ತಾನೆ. ಅದೇ ದೃಶ್ಯದಲ್ಲಿ ಇಯಾಗೊ, ತಪ್ಪುಗಳನ್ನು ಕೆದಕುವುದು ತನ್ನ ಹುಟ್ಟುರೋಗವೆಂದೂ, ಇಲ್ಲದ ತಪ್ಪನ್ನೂ ತನ್ನ ಮತ್ಸರ ಕಾಣಿಸುತ್ತದೆಂದೂ ವಿನಯದ ಸೋಗಿನಲ್ಲಿ ಹೇಳಿಕೊಳ್ಳುತ್ತಾನೆ. ಒಥೆಲೊ ಅದನ್ನು ಸಜ್ಜನನ ಸಂಕೋಚವೆಂದುಕೊಳ್ಳುತ್ತಾನೆ. ಎಮಿಲಿಯಾಳ ಮಾತಿನ ಪಕ್ಕ ಇಟ್ಟು ನೋಡಿದರೆ, ನಾಟಕದುದ್ದಕ್ಕೂ ಇಯಾಗೊ ತನ್ನ ಬಗ್ಗೆ ಆಡಿದ ಅತಿ ನಿಜವಾದ ಮಾತು ಇದೇ ಇರಬಹುದು.

ಅಸೂಯೆಗೆ ಕಾರಣ ಬೇಕಿಲ್ಲ, ಅದು ತನ್ನಿಂದ ತಾನೇ ಹುಟ್ಟುತ್ತದೆ ಎಂದು ಡೆಸ್ಡಿಮೋನಳಿಗೆ ತಿಳಿಹೇಳುವವಳೂ ಎಮಿಲಿಯಾಳೇ. ಹೊಸದಾಗಿ ಮದುವೆಯಾದವಳಿಗೆ ಇದು ಅರ್ಥವಾಗುವುದಿಲ್ಲ. ಹೇಳುವವಳು ಇದನ್ನು ಎಲ್ಲಿ ಕಲಿತಳೆಂಬುದಕ್ಕೆ ದೂರ ಹೋಗಬೇಕಿಲ್ಲ. ಗಂಡಂದಿರ ಹುರುಳಿಲ್ಲದ ಅಸೂಯೆಯನ್ನು ಕುರಿತ ಅವಳ ದೀರ್ಘ ಭಾಷಣ 1622ರ ಕ್ವಾರ್ಟೊ ಮುದ್ರಣದಲ್ಲಿ ಇಲ್ಲ, 1623ರ ಫೋಲಿಯೊ ಮುದ್ರಣದಲ್ಲಿದೆ. ಅದು ಕ್ವಾರ್ಟೊದಲ್ಲಿ ಕತ್ತರಿಸಲ್ಪಟ್ಟಿತೋ, ಆಮೇಲೆ ಬರೆದು ಸೇರಿಸಿದ್ದೋ ಎಂಬ ಚರ್ಚೆ ಬೇರೆಯದೇ. ಎರಡರಲ್ಲಿ ಯಾವುದಾದರೂ ನನ್ನ ವಾದಕ್ಕೆ ತೊಂದರೆಯಿಲ್ಲ.

ಮೂಲಕಥೆಯೊಂದಿಗೆ ಹೋಲಿಸಿದರೆ ಷೇಕ್ಸ್‌ಪಿಯರನ ಕೈಚಳಕ ಇನ್ನೂ ಸ್ಪಷ್ಟವಾಗುತ್ತದೆ. ಇಟಲಿಯ ಜಿರಾಲ್ಡಿ ಚಿಂತಿಯೊ 1565ರಲ್ಲಿ ಪ್ರಕಟಿಸಿದ ‘ಹೆಕಟೊಮ್ಮಿಥಿ’ ಎಂಬ ಕಥಾಸಂಕಲನದಲ್ಲಿ ಧ್ವಜಧಾರಿಗೆ ಹೆಸರಿಲ್ಲ, ಉದ್ದೇಶ ಮಾತ್ರ ನಿಚ್ಚಳ. ಡಿಸ್ಡೆಮೋನಾಳ ಮೇಲೆ ಅವನಿಗೆ ಮೋಹ. ಅವಳು ಕಣ್ಣೆತ್ತಿಯೂ ನೋಡದಿದ್ದಾಗ, ಅವಳ ಮನಸ್ಸು ದಳಪತಿಯ (ನಾಟಕದಲ್ಲಿ ಕ್ಯಾಸಿಯೊನ) ಮೇಲಿದೆಯೆಂದು ಬಗೆದು ಹಗೆ ಸಾಧಿಸುತ್ತಾನೆ. ಅವನ ಹೆಂಡತಿಗೆ ಸಂಚೆಲ್ಲ ಗೊತ್ತು, ಗಂಡನ ಭಯಕ್ಕೆ ಬಾಯಿ ಬಿಡುವುದಿಲ್ಲ. ಪುರಾವೆಯೆಂದು ಬಳಸುವ ಡಿಸ್ಡೆಮೋನಾಳ ಕರವಸ್ತ್ರವನ್ನು ಕದಿಯುವವನೂ ಅವನೇ, ತನ್ನ ಪುಟ್ಟ ಮಗಳನ್ನು ಅವಳ ಮಡಿಲಿಗಿಟ್ಟು. ಷೇಕ್ಸ್‌ಪಿಯರ್ ಆ ಮೋಹವನ್ನು ಎರಡು ಸಾಲಿನ ಮಾತಾಗಿ ಕುಗ್ಗಿಸಿ, ಅದರ ಜಾಗಕ್ಕೆ ಹೆಂಡತಿಯ ಮೇಲಿನ ಶಂಕೆಯನ್ನು ತಂದ. ಸಂಚು ಗೊತ್ತಿದ್ದ ಆ ಹೆಂಡತಿಯನ್ನು, ಸಂಚು ಗೊತ್ತಿಲ್ಲದಿದ್ದರೂ ಗಂಡನ ಸ್ವಭಾವ ಚೆನ್ನಾಗಿ ಗೊತ್ತಿರುವವಳನ್ನಾಗಿ ಮಾಡಿದ. ಈ ಎರಡು ಬದಲಾವಣೆಗಳನ್ನು ಬಿಡಿಬಿಡಿಯಾಗಿ ಓದುವುದು ಸರಿಯಲ್ಲವೆಂದು ತೋರುತ್ತದೆ.

ಬಡ್ತಿಯ ವಿಷಯ ಬೇಗ ಇತ್ಯರ್ಥವಾಗುವಂಥದ್ದು. ಮೂರನೆಯ ಅಂಕದಲ್ಲೇ ಒಥೆಲೊ ಅವನನ್ನು ಲೆಫ್ಟಿನೆಂಟ್ ಮಾಡುತ್ತಾನೆ, ಸಂಚು ನಿಲ್ಲುವುದಿಲ್ಲ. ಆ ಹೊತ್ತಿಗೆ ನಿಲ್ಲಿಸಿದರೆ ಸಿಕ್ಕಿಬೀಳುತ್ತಾನೆ ಎಂದು ವಾದಿಸಬಹುದು. ಆದರೆ ಹುದ್ದೆ ದಕ್ಕಿದ್ದಕ್ಕೆ ಒಂದು ಸ್ವಗತದಷ್ಟೂ ಸಂಭ್ರಮ ಅವನಲ್ಲಿ ಕಾಣುವುದಿಲ್ಲ.

ಕೊನೆಯ ದೃಶ್ಯದಲ್ಲಿ ಇನ್ನೊಂದು ಪುರಾವೆ ಇದೆ. ಡೆಸ್ಡಿಮೋನಳ ಕರವಸ್ತ್ರ ತನಗೆ ಸಿಕ್ಕಿತೆಂದು, ಅದನ್ನು ಗಂಡನ ಕೈಗೆ ಕೊಟ್ಟೆನೆಂದು ಎಮಿಲಿಯಾ ಎಲ್ಲರೆದುರು ಹೇಳುತ್ತಾಳೆ. ಸುಳ್ಳು ಎಂದಿದ್ದರೆ ಅಲ್ಲಿಗೆ ಸಾಕಾಗಿತ್ತು, ಆ ಮಾತನ್ನು ಆಮೇಲೆ ಆಡುತ್ತಾನೆ ಕೂಡ. ಆದರೆ ಅವನ ಬಾಯಿಂದ ಮೊದಲು ಬೀಳುವುದು, ಒಥೆಲೊ ಡೆಸ್ಡಿಮೋನಳಿಗೆ ಆಡಿದ್ದ ಅದೇ ಬೈಗುಳ. ಕರವಸ್ತ್ರದ ಲೆಕ್ಕಕ್ಕೂ ಹೆಂಡತಿಯ ಶೀಲಕ್ಕೂ ಅಲ್ಲಿ ಸಂಬಂಧವೇ ಇಲ್ಲ. ಮರುಗಳಿಗೆಯಲ್ಲಿ ಸಾಕ್ಷಿಗಳ ಎದುರೇ ಅವಳನ್ನು ಇರಿಯುತ್ತಾನೆ. ರೊಡರಿಗೊನನ್ನು ಕತ್ತಲಲ್ಲಿ ಲೆಕ್ಕ ಹಾಕಿ ಮುಗಿಸಿದವನು ಇವನು. ಅದಕ್ಕೆ ಮುನ್ನ ಲಾಭನಷ್ಟವನ್ನೆಲ್ಲ ಪ್ರೇಕ್ಷಕರಿಗೆ ವಿವರಿಸಿದ್ದ. ಎಮಿಲಿಯಾಳ ಕೊಲೆಗೆ ಅಂಥ ಸ್ವಗತವಿಲ್ಲ, ಅದರಿಂದ ಅವನಿಗೆ ಆಗುವ ಲಾಭವೂ ಏನಿಲ್ಲ.