ರೈಲಿನಿಂದ ಇಳಿದವರು
ಆಳಂದ, ಅಫಜಲಪುರ, ಜೇವರ್ಗಿಯ ಶ್ರೋತೃಗಳಲ್ಲಿ ಬಹುಮಂದಿ 1975ರ ‘ಶೋಲೆ’ಯನ್ನು ಬಲ್ಲರು, ರಾಮನಗರದ ಬಂಡೆಗಳ ನಡುವೆ ಚಿತ್ರಿತವಾದುದು. ಗಬ್ಬರ್ ಠಾಕೂರರ ಮೊಮ್ಮಗನಿಗೆ ಗುರಿಯಿಡುತ್ತಾನೆ. ಗುಂಡಿನ ಸದ್ದು ಕೇಳುತ್ತದೆ, ಕಾಣುವುದು ರೈಲು. ಈ ಜೋಡಣೆ ಸೆರ್ಜಿಯೋ ಲಿಯೋನೆಯ 1968ರ ‘ಒನ್ಸ್ ಅಪಾನ್ ಎ ಟೈಮ್ ಇನ್ ದಿ ವೆಸ್ಟ್’ ಚಿತ್ರದ್ದು. ಕಳವೇ? ಅವಸರ ಬೇಡ. ಲಿಯೋನೆಯೂ ಸಾಲಗಾರನೇ. ಅವನ ಚಿತ್ರದ ಆರಂಭದಲ್ಲಿ ಮೂವರು ಕೊಲೆಗಡುಕರು ನಿಲ್ದಾಣದಲ್ಲಿ ರೈಲು ಕಾಯುತ್ತಾರೆ. 1952ರ ‘ಹೈ ನೂನ್’ನಲ್ಲಿ ಕಾದವರೂ ಮೂವರೇ. ಅಲ್ಲಿ ಇಳಿದವನು ಅವರ ನಾಯಕ. ಇಲ್ಲಿ ಇಳಿದವನು ಮೂವರನ್ನೂ ಕೊಲ್ಲುತ್ತಾನೆ. ಪಡೆದುದನ್ನು ಹೀಗೆ ತಿರುಗಿಸಿದರೆ ನನ್ನ ತಕರಾರಿಲ್ಲ. ‘ಶೋಲೆ’ಯೂ ತಿರುಗಿಸಿದೆ: ಲಿಯೋನೆಯ ರೈಲಿನಿಂದ, ಏನೂ ಅರಿಯದೆ, ಇಳಿಯುವವಳು ಸತ್ತವನ ಹೊಸ ಮಡದಿ, ರಮೇಶ್ ಸಿಪ್ಪಿಯ ರೈಲಿನಿಂದ ಇಳಿಯುವವನು ಆ ಮಗುವಿನ ಅಜ್ಜ, ನಿಮ್ಮ ಮಾತಿನಲ್ಲಿ ಮುತ್ಯಾ.