ಗೃಹೋದ್ಯಾನದ ಕೊಳ

ಮನೆಯ ಹಿತ್ತಿಲಿನಲ್ಲಾಗಲಿ ಮುಂದಣ ಕೈದೋಟದಲ್ಲಾಗಲಿ, ಕುಡಿಯುವುದಕ್ಕೂ ಗಿಡಗಳಿಗೆ ಹಾಯಿಸುವುದಕ್ಕೂ ಅಲ್ಲದೆ, ಕಣ್ಣಿನ ತಂಪಿಗಾಗಿಯೂ ಜಲಸಸ್ಯಗಳ ಪೋಷಣೆಗಾಗಿಯೂ ತೋಡಿಸಿ ನೀರು ನಿಲ್ಲಿಸಿದ ಚಿಕ್ಕ ಜಲಾಶಯ. ಕಾವ್ಯಗಳಲ್ಲಿ ಬರುವ ದೀರ್ಘಿಕೆ, ಕ್ರೀಡಾಸರೋವರಗಳು ಅರಮನೆಗೆ ಸೇರಿದುವು. ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಲಾಕ್ಷಣಿಕರು ವನವಿಹಾರದೊಡನೆ ಜಲಕ್ರೀಡೆಯನ್ನೂ ಎಣಿಸಿದುದರಿಂದ, ನಾಯಕನನ್ನು ಕೊಳಕ್ಕೆ ಇಳಿಸದೆ ಬಿಡುವ ಸ್ವಾತಂತ್ರ್ಯ ಚಂಪೂಕವಿಗಳಿಗೆ ಹೆಚ್ಚಾಗಿ ಇರಲಿಲ್ಲ. ಇಲ್ಲಿ ವಿವಕ್ಷಿತವಾದುದು ಆರಡಿ ಉದ್ದ, ನಾಲ್ಕಡಿ ಅಗಲದ ಸಾಮಾನ್ಯ ಗೃಹಸ್ಥನ ಕೊಳ. ಒಂದೂವರೆ ಅಡಿ ನೀರು ನಿಂತರೆ ಇದು ಸುಮಾರು 1,000 ಲೀಟರು ಹಿಡಿಯುವುದು.

ಮರದ ನೆರಳು ಮನುಷ್ಯನಿಗೆ ಹಿತವಾದರೂ ಕೊಳಕ್ಕೆ ಹಿತವಲ್ಲ. ಉದುರಿದ ಎಲೆಗಳು ತಳದಲ್ಲಿ ಕೊಳೆತು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಹೀರಿಬಿಡುವುವು, ಬಿಸಿಲಿಲ್ಲದೆ ನೈದಿಲೆಯೂ ಮೊಗ್ಗು ಬಿಡದು. ಆದುದರಿಂದ ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ ಜಾಗವನ್ನೇ ಆರಿಸತಕ್ಕದ್ದು. ಕೆರೆಯ ಜೇಡಿಮಣ್ಣನ್ನು ಚೆನ್ನಾಗಿ ತುಳಿದು ಹದಮಾಡಿ ಮೆತ್ತಿದರೆ ನೀರು ಇಂಗುವುದು ಕಡಿಮೆಯಾಗುವುದು. ಸಿಮೆಂಟಿನ ತೊಟ್ಟಿಯಾದರೆ ಹೊಸದರಲ್ಲಿ ಅದರ ಸುಣ್ಣದಂಶ ನೀರಿಗೆ ಇಳಿದು ಮೀನುಗಳನ್ನು ಕೊಲ್ಲುವ ಕಾರಣ, ನೀರು ತುಂಬಿ ಕೆಲವು ದಿನ ಬಿಟ್ಟು ಚೆಲ್ಲುವುದನ್ನು ಮೂರು ನಾಲ್ಕು ಸಲವಾದರೂ ಮಾಡಬೇಕು.

ಪೇಟೆಯಲ್ಲಿ ಎಲ್ಲಕ್ಕೂ ಕಮಲವೆಂಬ ಒಂದೇ ಹೆಸರಿದ್ದರೂ ತಾವರೆ ಬೇರೆ, ನೈದಿಲೆ ಬೇರೆ. ತಾವರೆಯ ದುಂಡನೆಯ ಎಲೆ ನೀರಿನಿಂದ ಮೇಲೆದ್ದು ನಿಲ್ಲುವುದು. ಅದರ ಮೈಮೇಲಿನ ಅತಿಸೂಕ್ಷ್ಮವಾದ ಉಬ್ಬುಗಳೂ ಮೇಣದ ಲೇಪವೂ ಸೇರಿ ನೀರನ್ನು ಅಂಟಗೊಡದಿರುವುದರಿಂದಲೇ ಹನಿಗಳು ಪಾದರಸದಂತೆ ಉರುಳಾಡುವುವು. ನೈದಿಲೆಯ ಎಲೆಗೆ ಒಂದು ಸೀಳುಂಟು. ಅದು ಸಾಮಾನ್ಯವಾಗಿ ನೀರಿನ ಮೇಲೆ ಮಲಗಿಯೇ ಇರುವುದು. ತಾವರೆಯ ಗೆಡ್ಡೆ ಎಲ್ಲೆಡೆಗೂ ಹರಿದು ಉಳಿದ ಗಿಡಗಳಿಗೆ ಎಡೆಗೊಡದು. ಚಿಕ್ಕ ಕೊಳಕ್ಕೆ ಕುಂಡದಲ್ಲಿ ನೆಟ್ಟ ನೈದಿಲೆಯೇ ಲೇಸು. ಹಗಲಿನಲ್ಲಿ ಅರಳುವ ನೀಲಿಯ ಜಾತಿಯೊಂದನ್ನೂ ಇರುಳು ಅರಳಿ ಮರುದಿನ ಬಿಸಿಲೇರುವ ವೇಳೆಗೆ ಮುಚ್ಚಿಕೊಳ್ಳುವ ಕೆಂಪು ಜಾತಿಯೊಂದನ್ನೂ ಜೊತೆಗಿಟ್ಟರೆ ಎರಡು ಹೊತ್ತೂ ಹೂವಿಗೆ ಕೊರತೆಯಿಲ್ಲ.

ಯೂರೋಪಿನಲ್ಲಿ ಬಣ್ಣಬಣ್ಣದ ನೈದಿಲೆಗಳ ಮೋಹವನ್ನು ಹಬ್ಬಿಸಿದವನು, ಮಿಶ್ರತಳಿಗಳನ್ನು ಬೆಳೆಸಿ 1889ರ ಪ್ಯಾರಿಸ್ ಪ್ರದರ್ಶನದಲ್ಲಿ ಇಟ್ಟ ಲತೂರ್-ಮಾರ್ಲಿಯಾಕ್. ಚಿತ್ರಕಾರ ಕ್ಲೋದ್ ಮೊನೆ 1893ರಲ್ಲಿ ಝಿವರ್ನಿಯ ತನ್ನ ಮನೆಯ ಬಳಿ ನೆಲವನ್ನು ಕೊಂಡು ಕೊಳ ಮಾಡಲು ಹೊರಟಾಗ, ಈ ಪರದೇಶದ ಗಿಡಗಳು ತಮ್ಮ ನೀರನ್ನು ಕೆಡಿಸುವುವೆಂದು ಊರವರು ತಕರಾರು ತೆಗೆದರು. ಆ ಕೊಳದ ನೈದಿಲೆಗಳನ್ನೇ ಅವನು ಮುಂದೆ ಸುಮಾರು 250 ಚಿತ್ರಗಳಲ್ಲಿ ಬರೆದನು.

ಕೊಳದ ನಿಜವಾದ ಸೊಗಸು ನಾವು ನೆಟ್ಟುದರಲ್ಲಿಲ್ಲ, ಕರೆಯದೆ ಬಂದುದರಲ್ಲಿದೆ. ನೀರು ನಿಂತ ಕೆಲವು ದಿನಗಳಲ್ಲಿಯೇ ಮಕ್ಕಳು ಏರೋಪ್ಲೇನ್ ಚಿಟ್ಟೆಯೆಂದು ಕರೆಯುವ ಕೀಟವು ಬಂದು ಬಾಲದ ತುದಿಯನ್ನು ನೀರಿಗೆ ಅದ್ದಿ ಅದ್ದಿ ಮೊಟ್ಟೆಯಿಡುವುದು. ಅದರ ಮರಿ ನೀರೊಳಗೇ ಬೇಟೆಯಾಡಿ ಬೆಳೆದು, ಕಡೆಗೊಂದು ದಿನ ಜೊಂಡನ್ನು ಹತ್ತಿ, ಬೆನ್ನು ಬಿರಿದು, ಪೊರೆಯನ್ನು ಅಲ್ಲಿಯೇ ಬಿಟ್ಟು ಹಾರಿಹೋಗುವುದು. ಮಲೆನಾಡಿನಲ್ಲಾದರೆ ಮರಗಪ್ಪೆಗಳು ನೀರಿನ ಮೇಲಕ್ಕೆ ಬಾಗಿದ ಕೊಂಬೆಯಲ್ಲಿ ನೊರೆಯ ಗೂಡು ಕಟ್ಟಿ ಮೊಟ್ಟೆಯಿಡುವುವು; ನೊರೆ ಕರಗಿದಂತೆ ಗೊದಮೊಟ್ಟೆಗಳು ತಟತಟನೆ ಕೆಳಗಿನ ಕೊಳಕ್ಕೆ ಉದುರುವುದನ್ನು ಒಮ್ಮೆ ಕಂಡವರು ಮರೆಯಲಾರರು. ಒಂದು ಅಂಚನ್ನು ಇಳಿಜಾರಾಗಿ ಬಿಟ್ಟರೆ ಪಿಕಳಾರಗಳು ಮಧ್ಯಾಹ್ನ ಮೀಯಲು ಬರುವುವು. ಮಿಂಚುಳ್ಳಿಯೂ ಬರುವುದು, ಮೀನಿನ ಲೆಕ್ಕ ಒಂದೆರಡು ತಗ್ಗುವುದು. ಅದನ್ನು ಅತಿಥಿಸತ್ಕಾರದ ಖರ್ಚೆಂದು ಬರೆದುಕೊಳ್ಳತಕ್ಕದ್ದು.

ಸೊಳ್ಳೆಯ ಭಯ ನ್ಯಾಯವಾದುದು. ನಮ್ಮ ಸೆಕೆಯಲ್ಲಿ ಮೊಟ್ಟೆ ಸೊಳ್ಳೆಯಾಗಲು ಹತ್ತು ದಿನ ಸಾಕು. ಆದರೆ ಮೀನಿರುವ ಕೊಳದಲ್ಲಿ ಅದರ ಮರಿ ಉಳಿಯುವುದು ಕಷ್ಟ. ಸೊಳ್ಳೆ ಹೆಚ್ಚಾಗಿ ಹುಟ್ಟುವುದು ಮರೆತ ಬಕೆಟ್ಟು, ಒಡೆದ ಮಡಕೆ, ಹಳೆಯ ಟೈರುಗಳಲ್ಲಿ. ಸೊಳ್ಳೆಯ ನಿವಾರಣೆಗೆಂದು 1928ರಲ್ಲಿ ಇಟಲಿಯಿಂದ ಈ ದೇಶಕ್ಕೆ ತಂದ ಗ್ಯಾಂಬೂಸಿಯ ಮೀನು ಗೊದಮೊಟ್ಟೆಗಳನ್ನೂ ಕಚ್ಚಿ ತಿನ್ನುವುದರಿಂದ ಅದನ್ನು ಬಿಡದಿರುವುದೇ ಮೇಲು. ನೀರಿನ ಮೇಲ್ಪದರದಲ್ಲಿಯೇ ಸುಳಿಯುವ, ನೆತ್ತಿಯಲ್ಲಿ ಬೆಳ್ಳಿಯ ಚುಕ್ಕೆಯುಳ್ಳ ನಮ್ಮ ಕೆರೆಗಳ ಕಿರುಮೀನು ಆ ಕೆಲಸವನ್ನು ಸಾಕಷ್ಟು ಮಾಡುವುದು. ನೀಲಿ ಹೂವಿನ ಅಂದಕ್ಕೆ ಮರುಳಾಗಿ ದಕ್ಷಿಣ ಅಮೆರಿಕದ ನೀರುಕಳೆಯನ್ನು ತಂದು ಬಿಟ್ಟವರು, ಅದು ಎರಡು ಮೂರು ವಾರಗಳಲ್ಲಿ ಇಮ್ಮಡಿಯಾಗುವುದನ್ನು ಕಂಡು ಪರಿತಪಿಸುವರು.

ಮೊದಲ ತಿಂಗಳಲ್ಲಿ ನೀರು ಪಾಚಿಯಿಂದ ಹಸುರಾಗುವುದು ಸಹಜ. ಗಾಬರಿಯಾಗಿ ಪದೇ ಪದೇ ತೊಳೆಯುವವರ ಕೊಳ ಎಂದೂ ತಿಳಿಯಾಗದು. ಎಲೆಗಳು ಅರ್ಧದಷ್ಟು ನೀರನ್ನು ಮರೆಮಾಡಿದ ಮೇಲೆ ಬಿಸಿಲು ಸಿಕ್ಕದೆ ಪಾಚಿ ತಾನೇ ತಗ್ಗುವುದು. ಎಳೆಯ ಮಕ್ಕಳಿರುವ ಮನೆಯಲ್ಲಿ ಅರ್ಧ ಅಡಿಯ ನೀರೂ ಅಪಾಯಕಾರಿ. ಅಲ್ಲಿ ನೀರಿನ ಮೇಲೆ ಗಟ್ಟಿಯಾದ ಕಬ್ಬಿಣದ ಜಾಲರಿ ಇರಲೇಬೇಕು. ತೋಡುವುದಕ್ಕೆ ಬೇಸಗೆಯೇ ಅನುಕೂಲವಾದ ಕಾಲ. ಗುಂಡಿ ಮುಗಿದಿದ್ದರೆ ಮುಂಗಾರಿನ ನೀರು ತಾನೇ ತುಂಬುವುದು, ಕೊಳವೆಬಾವಿಯ ಗಡಸು ನೀರಿಗಿಂತ ಅದೇ ಒಳ್ಳೆಯದು.